ಸ್ವೆಟರ್ ಸಾಲಿನ ಅಪರಿಚಿತ

ಆ ಚಳಿಗಾಲದಲ್ಲಿ ನನಗೆ ವಹಿಸಿದ ಕೆಲಸವೆಂದರೆ ದಿನವೂ ಹೋಗಿ ಒಂದು ಸ್ವೆಟರ್ ನೋಡುವುದು, ಕೊಳ್ಳದೆ ವಾಪಸು ಬರುವುದು. ಇದಕ್ಕೂ ಸರ್ಕಾರ ಸಂಬಳ ಕೊಡುತ್ತದೆಯೇ ಎಂದು ನೀವು ನಗಬಹುದು. ಮೊದಲ ವಾರ ನಾನೂ ಒಳಗೊಳಗೇ ನಗುತ್ತಿದ್ದೆ. ಪೊಲೀಸ್ ಇಲಾಖೆಯ ಗುಪ್ತವಾರ್ತೆ ವಿಭಾಗದಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದ ನನಗೆ ಇದಕ್ಕಿಂತ ವಿಚಿತ್ರವಾದ ಕೆಲಸಗಳು ಬಂದಿದ್ದವು. ಆದರೆ ನಿದ್ದೆ, ಊಟ ಎರಡನ್ನೂ ಕಿತ್ತುಕೊಂಡದ್ದು ಇದೊಂದೇ.

ಆದೋನಿಯ ಹೊರಗೆ ಹೊಸದಾಗಿ ಒಂದು ಹತ್ತಿ ಮಿಲ್ಲು ಎದ್ದಿತ್ತು. ಅದರ ಯಂತ್ರಗಳು ಬಂದದ್ದು ಚೀನಾದಿಂದ. ಅವನ್ನು ಚಾಲೂ ಮಾಡಿಕೊಡಲು ಅಲ್ಲಿಯ ಎಂಜಿನಿಯರುಗಳು, ಅವರ ಜೊತೆಗೆ ಅವರ ಸರ್ಕಾರದ ಒಬ್ಬ ಅಧಿಕಾರಿ ಬರುವುದಿತ್ತು. ಅದೇ ಹೊತ್ತಿಗೆ ಯಾರೋ ಹೆಸರು ಹೇಳದವರು ಮೇಲಿನ ಕಚೇರಿಗೆ ಫೋನ್ ಮಾಡಿದರು. ಬಸ್ ನಿಲ್ದಾಣದ ಹತ್ತಿರ ಸ್ವೆಟರ್ ಮಾರುವ ಟಿಬೆಟಿನವರು ಬಾಗಿಲು ಹಾಕಿಕೊಂಡು ಸಭೆ ಸೇರುತ್ತಿದ್ದಾರೆ, ಬರುವ ಅತಿಥಿಗಳ ವಿರುದ್ಧ ಏನೋ ಸಂಚು ನಡೆದಿದೆ ಎಂದು ಹೇಳಿ ಫೋನ್ ಇಟ್ಟುಬಿಟ್ಟರು. ದೇಶ ಬಿಟ್ಟು ಬಂದವರು ಊರೂರಿಗೆ ಹಂಚಿಹೋಗಿರುತ್ತಾರೆ, ಒಬ್ಬರ ಸುದ್ದಿ ಒಬ್ಬರಿಗೆ ಮುಟ್ಟಿಸುತ್ತಿರುತ್ತಾರೆ. ಮನೆಯಲ್ಲಿ ಅದನ್ನು ಬಳಗ ಅನ್ನುತ್ತೇವೆ, ಕಚೇರಿಯಲ್ಲಿ ಜಾಲ ಅನ್ನುತ್ತೇವೆ. ಚಿಂತೆ ಪೂರ್ತಿ ಸುಳ್ಳೇನಲ್ಲ. ದೊಡ್ಡ ಊರುಗಳಲ್ಲಿ ಇಂಥ ಅತಿಥಿಗಳ ಕಾರಿಗೆ ಅಡ್ಡ ಮಲಗಿದವರುಂಟು. ಹಾಗೇನಾದರೂ ಆದೋನಿಯಲ್ಲಿ ಆದರೆ ನಮ್ಮ ಕಚೇರಿಯ ಕತೆ ಮುಗಿದ ಹಾಗೆ.

ನಮ್ಮ ಸಾಹೇಬರು ಕರ್ನೂಲಿಗೆ ಕರೆಸಿದರು. ಅವರು ತೆಲುಗಿನವರು, ನನ್ನ ಜೊತೆ ಮಾತ್ರ ಅರ್ಧ ಕನ್ನಡ ಬೆರೆಸುತ್ತಿದ್ದರು.

"ನೀ ಕನ್ನಡದವನು ಕದಯ್ಯಾ. ಆ ಸ್ವೆಟರಿನವರು ಕರ್ನಾಟಕದ ಮುಂಡಗೋಡ ಕ್ಯಾಂಪಿನಿಂದ ಬಂದವರು, ಅವರಿಗೆ ತೆಲುಗು ಅಷ್ಟಕ್ಕಷ್ಟೇ. ಹೋಗಿ ಕೂತ್ಕೋ, ಮಾತಾಡು. ಠಾಣೆಗೂ ಹೇಳಬೇಡ, ಯಾರಿಗೂ ಹೇಳಬೇಡ."

ನನ್ನ ಊರು ಮಂತ್ರಾಲಯದ ಪಕ್ಕದ ಮಾಧವರಂ. ಹೊಳೆ ದಾಟಿದರೆ ಕರ್ನಾಟಕ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಹೀಗೇ ನನ್ನ ಆಯುಷ್ಯ ಕಳೆದದ್ದು. ಎರಡು ಭಾಷೆ ಬಂದದ್ದು ಎಂದೂ ಉಪಯೋಗಕ್ಕೆ ಬಂದಿರಲಿಲ್ಲ. ಈಗ ಬಂತು ಎಂದು ಒಂದಿಷ್ಟು ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ.

ನಾವು ಹೀಗೆ ವೇಷ ಹಾಕುವಾಗ ಒಂದು ಕ್ರಮವಿದೆ. ಸುಳ್ಳು ಆದಷ್ಟು ನಿಜದ ಹತ್ತಿರ ಇರಬೇಕು, ಯಾರಾದರೂ ಕೆದಕಿದರೆ ಸಿಕ್ಕಿಬೀಳಬಾರದು. ಹಾಗಾಗಿ ನಾನು ಮಂತ್ರಾಲಯದ ಒಂದು ಲಾಡ್ಜಿನ ಗುಮಾಸ್ತನಾದೆ. ಆದೋನಿಗೆ ದಿನವೂ ಕೆಲಸದ ಮೇಲೆ ಬರುತ್ತೇನೆ, ಬಸ್ಸಿಗೆ ಕಾಯುವಾಗ ಮೊಮ್ಮಗಳಿಗೆ ಸ್ವೆಟರ್ ನೋಡುತ್ತೇನೆ. ಇದರಲ್ಲಿ ಮೊಮ್ಮಗಳು ಮಾತ್ರ ಪೂರಾ ಸುಳ್ಳು. ನನ್ನ ಮಗನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ಶಾಲೆಯ ಕಾಂಪೌಂಡಿಗೆ ಒರಗಿಸಿ ಟಾರ್ಪಾಲು ಕಟ್ಟಿದ ಅಂಗಡಿಗಳ ಸಾಲು ಅದು. ಅದರಲ್ಲಿ ನಾನು ಆರಿಸಿಕೊಂಡದ್ದು ಒಬ್ಬ ಅಜ್ಜಿ ಮತ್ತು ಅವಳ ಮಗನ ಅಂಗಡಿ. ಮಗನಿಗೆ ನಲವತ್ತು ಇರಬಹುದು. ಸಾಲಿನವರೆಲ್ಲ ಏನಾದರೂ ತಕರಾರು ಬಂದರೆ ಅವನನ್ನೇ ಕೇಳುತ್ತಿದ್ದರು. ಅಂದರೆ ಸಂಚು ಇದ್ದರೆ ಅವನಿಗೆ ಗೊತ್ತಿರಲೇಬೇಕು ಎಂದು ನನ್ನ ಲೆಕ್ಕಾಚಾರ. ಅಜ್ಜಿ ಮೂಲೆಯ ಸ್ಟೂಲಿನ ಮೇಲೆ ಕೂತು ಒಂದು ಕೈಯಲ್ಲಿ ಜಪಮಣಿ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಸ್ವೆಟರ್ ತೋರಿಸುವಳು. ಯಾರನ್ನೂ ಬಹುವಚನದಲ್ಲಿ ಮಾತಾಡಿಸಿದವಳಲ್ಲ. ಅವಳಿಗೆ ಎಲ್ಲರೂ ನೀನು, ಎಲ್ಲರೂ ತಮ್ಮ.

"ಏನ್ ಬೇಕ ತಮ್ಮಾ?"

"ಮೊಮ್ಮಗಳಿಗೊಂದು ಸ್ವೆಟರ್ ಬೇಕವ್ವ."

"ನೋಡು. ನೋಡಾಕ ರೊಕ್ಕ ಕೊಡೂದು ಬ್ಯಾಡ."

ಹಳದಿ ಬಣ್ಣದ ಒಂದನ್ನು ಹಿಡಿದುಕೊಂಡೆ. ನಾಳೆ ತಗೊಳ್ತೀನಿ ಎಂದೆ. ಮಾರನೆಯ ದಿನವೂ ಅದನ್ನೇ ಹಿಡಿದೆ. ಬಣ್ಣ ಒಗೆದರೆ ಬಿಡುತ್ತದೆಯೇ ಎಂದೆ, ಗುಂಡಿ ಗಟ್ಟಿ ಇದೆಯೇ ಎಂದೆ, ಹೆಂಡತಿಯನ್ನು ಕೇಳಿ ಬರುತ್ತೇನೆ ಎಂದೆ. ಹೀಗೆ ಕೆಲವು ದಿನ ಕಳೆಯುವಷ್ಟರಲ್ಲಿ ಅಜ್ಜಿ ನನಗೆ ಸ್ಟೂಲು ಸರಿಸಿ ಕೊಡತೊಡಗಿದಳು. ಎದುರಿನ ಚಹಾದಂಗಡಿಯಿಂದ ನನ್ನ ಪಾಲಿನ ಚಹಾ ಕೂಡ ಅವಳ ಖಾತೆಗೇ ಬರುತ್ತಿತ್ತು.

ಗುಟ್ಟಿನ ಸಭೆಯ ವಿಷಯ ಪತ್ತೆ ಮಾಡಬೇಕಿತ್ತಲ್ಲ. ಚಹಾದಂಗಡಿಯವನನ್ನು ಮೆಲ್ಲಗೆ ಕೇಳಿದೆ.

"ಇವ್ರು ಯಾವಾಗ್ಲಾರ ಎಲ್ಲಾರೂ ಸೇರ್ತಾರೇನು?"

"ಸೋಮಾರ ಸೋಮಾರ ಸೇರ್ತಾರ ಸಾರ್, ತಾವು ಇಳ್ಕೊಂಡ ಲಾಡ್ಜಿನ ಮ್ಯಾಲ. ಬಾಗ್ಲಾ ಹಾಕ್ಕೊಂತಾರ. ಒಳಗ ಏನ್ ಮಾಡ್ತಾರೊ ಏಮೋ ನಂಗ್ಗೊತ್ತಿಲ್ಲ."

"ಹೊರಗಿನಾವ್ರು ಯಾರಾರ ಬರ್ತಾರೇನು?"

ಅವನು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಲೋಟ ತೊಳೆಯಲು ಬಗ್ಗಿದ. ಆ ನೋಟವನ್ನು ಆಗ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಜ್ಜಿಯನ್ನು ನೇರವಾಗಿಯೇ ಕೇಳಿದಾಗ ಅವಳು ನಕ್ಕಳು. "ಚೀಟಿ ಎತ್ತತೀವಿ. ಬಸ್‌ಸ್ಟ್ಯಾಂಡ ಕಡಿ ಮೂಲಿ ಐತಲ್ಲ, ಅಲ್ಲಿ ಗಿರಾಕಿ ಭಾಳ. ಒಬ್ಬರ ಅಲ್ಲೇ ಕುಂತರ ಜಗಳ ಹತ್ತತೈತಿ. ಅದಕ್ಕ ವಾರ ವಾರ ಜಾಗಾ ಬದ್ಲಿ."

"ಮತ್ತ ಬಾಗ್ಲಾ ಯಾಕ ಹಾಕ್ತೀರಿ?"

"ತಗದಿದ್ರ ಲಾಡ್ಜಿನಾವ ಬಂದು ತಾನೂ ಒಂದ್ ಚೀಟಿ ಎತ್ತತೀನಿ ಅಂತಾನ."

ಬರೀ ಮಾತು ನಂಬುವುದು ನಮ್ಮ ಪದ್ಧತಿಯಲ್ಲ. ಮುಂದಿನ ಸೋಮವಾರ ಕಾದು ನೋಡಿದೆ. ಮೇಲೆ ಹೋದರು, ಬಾಗಿಲು ಹಾಕಿಕೊಂಡರು, ಸ್ವಲ್ಪ ಹೊತ್ತಿಗೆ ಇಳಿದು ಬಂದರು. ಬಂದವರೇ ಗಂಟುಮೂಟೆ ಹೊತ್ತು ಜಾಗ ಬದಲಾಯಿಸತೊಡಗಿದರು. ಮೂಲೆಯ ಜಾಗ ತಪ್ಪಿದವನ ಹೆಂಡತಿ ಮುಖ ಊದಿಸಿಕೊಂಡು ಟಾರ್ಪಾಲು ಬಿಚ್ಚುತ್ತಿದ್ದಳು. ಇಷ್ಟು ನಿಜವಾದ ಸಿಟ್ಟನ್ನು ಯಾವ ಸಂಚುಗಾರರೂ ನಟಿಸಲಾರರು.

ಉಳಿದದ್ದು ಮಗನ ಮನಸ್ಸಿನಲ್ಲಿ ಏನಿದೆ ಎಂಬುದು. ಅತಿಥಿಗಳು ಬರುವ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಹೋದೆ. ಅವನು ಆಗಲೇ ನೋಡಿದ್ದ.

"ಅವತ್ತು ನಾ ಅಂಗಡಿ ತಗ್ಯೂದಿಲ್ರಿ," ಎಂದ. "ಲಾಡ್ಜಿನಾಗ ಮಕ್ಕೊಂತೀನಿ. ಅವರ ಮಾರಿ ನೋಡಾಕ ಮನಸಿಲ್ಲ, ಎದುರು ನಿಂತು ಬೈಯಾಕ ಧೈರ್ಯ ಇಲ್ಲ. ಅವ್ವ ಅದಾಳ. ಕಾಗದ ಐತಿ."

ಕಾಗದವೆಂದರೆ ಪರದೇಶಿಯರಿಗೆ ಕೊಡುವ ನೋಂದಣಿ ಪತ್ರ. ಅವನು ಹುಟ್ಟಿದ್ದು ಮುಂಡಗೋಡದಲ್ಲಿ, ಓದಿದ್ದು ಕನ್ನಡ ಶಾಲೆಯಲ್ಲಿ, ಆದರೂ ಪರದೇಶಿ. ಯಾವ ಊರಿಗೆ ಹೋದರೂ ಮೊದಲು ಠಾಣೆಗೆ ಹೋಗಿ ಅದನ್ನು ತೋರಿಸಬೇಕು. ಕಾಲಕಾಲಕ್ಕೆ ಹೊಸದು ಮಾಡಿಸಬೇಕು. ಅದರ ಮೇಲೆ ಒಂದು ಕೆಟ್ಟ ಮಾತು ಬಿದ್ದರೆ ಊರು ಬಿಟ್ಟು ಹೊರಡುವ ಹಾಗಿಲ್ಲ. ಚಳಿಗಾಲದ ಈ ವ್ಯಾಪಾರ ಬಿಟ್ಟರೆ ಅವರಿಗೆ ಬೇರೆ ಗತಿ ಇರಲಿಲ್ಲ.

"ಈ ಕಾಗದ ಹೋದ್ರ ನಾ ಇದ್ದೂ ಇಲ್ಲದಾವ ಆಗ್ತೀನ್ರಿ," ಎಂದ ಅವನು. ಅದನ್ನು ಹೇಳುವಾಗ ಅಂಗಿಯ ಮೇಲಿನ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ಆವತ್ತೇ ವರದಿ ಬರೆದೆ. ಸಭೆ ಎಂಬುದು ಜಾಗ ಹಂಚಿಕೊಳ್ಳುವ ಚೀಟಿ, ಸಂಚಿನ ಸುಳಿವು ಇಲ್ಲ, ಈ ಮನುಷ್ಯನಿಂದ ಅಪಾಯವಿಲ್ಲ. ಬರೆದು ಕಳಿಸಿ ಹಗುರಾದೆ. ಕೊನೆಗೊಮ್ಮೆ ಆ ಹಳದಿ ಸ್ವೆಟರ್ ಕೊಂಡುಬಿಡಬೇಕು, ಅಜ್ಜಿಗೆ ಅಷ್ಟಾದರೂ ವ್ಯಾಪಾರ ಆಗಲಿ ಎಂದೂ ಯೋಚಿಸಿದೆ.

ಸಾಹೇಬರಿಂದ ಮತ್ತೆ ಕರೆ ಬಂತು. ಹೋದರೆ ಮುಖ ಗಂಟು ಹಾಕಿಕೊಂಡು ಕೂತಿದ್ದರು.

"ನೀ ಏನೂ ಇಲ್ಲ ಅಂತೀಯಾ. ದಿಲ್ಲಿ ಕಡೆಯ ಗುಪ್ತಚರ ಸಂಸ್ಥೆಯವರು ಇದೆ ಅಂತಾರೆ. ಅವರ ಮನುಷ್ಯ ಅಲ್ಲೇ ಇದ್ದಾನಂತೆ. ಸ್ಥಳೀಯರಿಂದ ಖಚಿತ ಆಗಿದೆಯಂತೆ."

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಒಂದು ಕಡೆಯಿಂದ ಬಂದರೆ ಅದು ಬರೀ ಸುದ್ದಿ. ಸಂಬಂಧವಿಲ್ಲದ ಇನ್ನೊಂದು ಕಡೆಯಿಂದಲೂ ಬಂದರೆ ಖಚಿತ. ಮೊದಲನೆಯದು ಆ ಹೆಸರಿಲ್ಲದ ಫೋನ್. ಎರಡನೆಯದು ಯಾವುದು ಎಂದು ಕೇಳಿದೆ. ಸಾಹೇಬರು ಓದಿದರು.

ಸ್ವೆಟರ್ ಮಾರುವವನ ಬಳಿಗೆ ದಿನವೂ ಒಬ್ಬ ಅಪರಿಚಿತ ಬರುತ್ತಾನೆ. ಏನನ್ನೂ ಕೊಳ್ಳುವುದಿಲ್ಲ. ಹಳದಿ ಬಣ್ಣದ ಒಂದೇ ಸ್ವೆಟರನ್ನು ಪ್ರತಿದಿನ ಎತ್ತಿ ಹಿಡಿಯುತ್ತಾನೆ, ಅದು ಗುರುತಿನ ಸನ್ನೆ ಇರಬಹುದು. ತಗ್ಗಿದ ದನಿಯಲ್ಲಿ ಕನ್ನಡ ಮಾತಾಡುತ್ತಾನೆ. ಸಭೆಯ ಬಗ್ಗೆ, ಅಲ್ಲಿಗೆ ಬರುವವರ ಬಗ್ಗೆ ಚಹಾದಂಗಡಿಯಲ್ಲಿ ವಿಚಾರಿಸಿದ್ದಾನೆ. ಐವತ್ತು ದಾಟಿದ ವಯಸ್ಸು, ಕಾಫಿಪುಡಿ ಬಣ್ಣದ ಮಫ್ಲರ್, ಎಡಗಾಲು ಎಳೆದು ನಡೆಯುತ್ತಾನೆ. ಗಡಿಯಾಚೆಯಿಂದ ಸುದ್ದಿ ತರುವವನೆಂದು ಶಂಕೆ.

ಓದುತ್ತ ಓದುತ್ತ ಸಾಹೇಬರ ದನಿ ನಿಧಾನವಾಯಿತು. ಕಾಗದದಿಂದ ಕಣ್ಣೆತ್ತಿ ನನ್ನ ಕೊರಳನ್ನು ನೋಡಿದರು. ಮಫ್ಲರ್ ಅಲ್ಲೇ ಇತ್ತು.

"ಸಾರ್, ಇದು ನಾನು," ಎಂದೆ.

ಅವರು ಮೊದಲು ನಕ್ಕರು. ನಾನೂ ನಕ್ಕೆ. ಆಮೇಲೆ ಅವರ ನಗು ನಿಂತಿತು. ಅವರು ಬಾಗಿಲು ಮುಂದೆ ಮಾಡಿ ಬರುವಂತೆ ಹೇಳಿದಾಗ ನನ್ನದೂ ನಿಂತಿತು.

"ಇದು ದಿಲ್ಲಿಯವರ ಕೆಲಸ, ನೀವು ಕೈ ಹಾಕಬೇಡಿ ಅಂತ ಮೇಲಿನವರು ನಮಗೆ ಮೊದಲೇ ಹೇಳಿದ್ದರು. ಮನ ಪನಿ ಕಾದು, ನಮ್ಮ ಕೆಲಸ ಅಲ್ಲ. ನಾನೇ ನಿನ್ನನ್ನ ಕಳಿಸಿದ್ದು. ಈಗ ಆ ಮನುಷ್ಯ ನಮ್ಮವನೇ ಅಂತ ಬರೆದರೆ ನನ್ನ ಗತಿ ಏನು?"

"ಹಂಗಾರ ಆ ಅಂಗಡಿಯಾವನ ಗತಿ ಏನ್ ಸಾರ್? ಅವನ ವಿರುದ್ಧ ಇರೋದು ಅಂದ್ರ ನಾನೊಬ್ಬನ."

"ಊರುಕೋ. ನೀ ಅಲ್ಲಿಗೆ ಹೋಗೋದು ನಿಲ್ಲಿಸು. ಅಪರಿಚಿತ ಬರೋದು ನಿಂತರೆ ತಾನೇ ತಣ್ಣಗಾಗುತ್ತೆ."

ಸುಮ್ಮನಿರು ಎಂದರೆ ಸುಮ್ಮನಿರುವುದು ನನ್ನ ಸೇವೆಯ ಉದ್ದಕ್ಕೂ ಕಲಿತ ವಿದ್ಯೆ. ಹೋಗುವುದನ್ನು ನಿಲ್ಲಿಸಿದೆ. ಮಫ್ಲರ್ ಬಿಚ್ಚಿ ಗೂಟಕ್ಕೆ ಹಾಕಿದೆ. ಅತಿಥಿಗಳು ಬರುವ ದಿನ ಹತ್ತಿರಾಗುತ್ತಿತ್ತು. ಎಲ್ಲ ತಣ್ಣಗಾಗಿದೆ ಎಂದುಕೊಂಡೇ ಒಂದು ಬೆಳಗ್ಗೆ ಕಚೇರಿಯ ಗೆಳೆಯನೊಬ್ಬನ ಜೊತೆ ಅದು ಇದು ಮಾತಾಡುತ್ತಿದ್ದಾಗ ದಿಲ್ಲಿಯವರ ಹೊಸ ಟಿಪ್ಪಣಿಯ ಸುದ್ದಿ ಕಿವಿಗೆ ಬಿತ್ತು. ಸುದ್ದಿ ತರುವವನು ಸುಳಿವು ಸಿಕ್ಕಿ ಪರಾರಿಯಾಗಿದ್ದಾನೆ. ಇದರಿಂದ ಸಂಚು ಇರುವುದು ಇನ್ನಷ್ಟು ಗಟ್ಟಿಯಾಗಿದೆ. ಅತಿಥಿಗಳು ಬರುವ ಮುನ್ನ ಸ್ವೆಟರಿನವರನ್ನೆಲ್ಲ ಒಂದು ಕಡೆ ಕೂಡಿಹಾಕಬೇಕು. ಆ ಮಗನನ್ನು ಬೇರೆಯಾಗಿ ವಿಚಾರಿಸಬೇಕು, ಅವನ ಕಾಗದ ವಶಕ್ಕೆ ತೆಗೆದುಕೊಳ್ಳಬೇಕು.

ನಾನು ಹೋದರೂ ಅವನಿಗೆ ತಪ್ಪು, ಹೋಗದಿದ್ದರೂ ತಪ್ಪು. ನಾನು ಉಸಿರಾಡುವುದೇ ಅವನ ವಿರುದ್ಧ ಸಾಕ್ಷಿಯಾಗಿತ್ತು. ಸಾಹೇಬರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕರ್ನೂಲಿಗೆ ಹೋದೆ, ಮೀಟಿಂಗಿನಲ್ಲಿದ್ದಾರೆ ಎಂದರು. ಮಧ್ಯಾಹ್ನದವರೆಗೆ ಕಾದೆ. ಹಿಂದಿನ ಬಾಗಿಲಿನಿಂದ ಹೋದರು ಎಂದು ಅಟೆಂಡರ್ ಹೇಳಿದ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಹೋಟೆಲಿನಲ್ಲಿ ಊಟಕ್ಕೆ ಕೂತು ಕೈ ತೊಳೆದುಕೊಂಡು ಎದ್ದುಬಿಟ್ಟೆ. ಇಷ್ಟು ವರ್ಷದಲ್ಲಿ ಎಷ್ಟು ಜನರ ಬಗ್ಗೆ ಎಷ್ಟು ಸಾಲು ಬರೆದಿದ್ದೆನೋ. ನನ್ನ ಬಗ್ಗೆ ಇನ್ನೊಬ್ಬ ಬರೆದಾಗಲೇ ಆ ಸಾಲುಗಳ ಭಾರ ತಿಳಿದದ್ದು.

ಕೊನೆಗೆ ಒಂದೇ ದಾರಿ ಕಂಡಿತು. ಅದು ನಮ್ಮಲ್ಲಿ ಯಾರೂ ಹಿಡಿಯದ ದಾರಿ. ಮನೆಗೆ ಹೋಗಿ ಗೂಟದ ಮೇಲಿನ ಮಫ್ಲರ್ ತೆಗೆದು ಸುತ್ತಿಕೊಂಡು ಆದೋನಿಯ ಬಸ್ಸು ಹತ್ತಿದೆ.

ನನ್ನನ್ನು ನೋಡಿ ಚಹಾದಂಗಡಿಯವನ ಮುಖ ಬಿಳಚಿಕೊಂಡಿತು.

"ನನ್ನ ಬಗ್ಗೆ ಕೇಳ್ದಾವ ಯಾರು?" ಎಂದೆ.

"ನಾ ಸುಳ್ಳೇನ್ ಹೇಳಿಲ್ಲ ಸಾರ್. ದಿನಾ ಬರ್ತಾನ, ಏನೂ ತಗೊಳ್ಳಲ್ಲ, ಇವ್ರ ಸುದ್ದಿ ಕೇಳ್ತಾನ ಅಂತ ಹೇಳ್ದೆ. ಖರೇನ ಐತಲ್ಲ?"

"ಖರೇನ ಐತಿ. ಯಾರು ಕೇಳಿದ್ದು?"

ಅವನು ಬೀಡಾ ಅಂಗಡಿಯ ಕಡೆ ಕಣ್ಣು ಹೊರಳಿಸಿದ. ಅಲ್ಲಿ ಬೆಂಚಿನ ಮೇಲೆ ವಿಮಾ ಏಜೆಂಟನೊಬ್ಬ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನನ್ನು ನಾನು ದಿನವೂ ನೋಡಿದ್ದೆ. ಇಷ್ಟು ದಿನದಲ್ಲಿ ಒಬ್ಬರಿಗೂ ಪಾಲಿಸಿ ಮಾಡಿಸಲಿಲ್ಲವಲ್ಲ, ಎಂಥ ಮೈಗಳ್ಳ ಎಂದುಕೊಂಡಿದ್ದೆ. ಅವನು ನನ್ನನ್ನು ನೋಡಿ, ಇಷ್ಟು ದಿನವಾದರೂ ಒಂದು ಸ್ವೆಟರ್ ಕೊಳ್ಳಲಿಲ್ಲವಲ್ಲ ಎಂದುಕೊಂಡಿದ್ದ. ಅವನೇ ಜಾಣ.

ನೇರವಾಗಿ ಹೋಗಿ ಪಕ್ಕದಲ್ಲಿ ಕೂತೆ. ಅವನು ಕರಾವಳಿಯ ತೆಲುಗಿನವನು, ಚಿಕ್ಕ ವಯಸ್ಸು. ಗುರುತಿನ ಚೀಟಿ ತೆಗೆದು ಅವನ ಚೀಲದ ಮೇಲಿಟ್ಟೆ. ನಾವಿಬ್ಬರೂ ಒಂದೇ ಅಂಗಡಿಯನ್ನು ಕಾದಿದ್ದೇವೆ, ನೀವು ಬರೆದ ಅಪರಿಚಿತ ನಾನೇ ಎಂದು ತೆಲುಗಿನಲ್ಲಿ ಹೇಳಿದೆ. ಚೀಟಿಯನ್ನು ಅವನು ತಿರುಗಿಸಿ ನೋಡಿದ. ಇಂಥದ್ದನ್ನು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು ಎಂದ. ನಿಮ್ಮ ಅಧಿಕಾರಿ ಒಂದು ಮಾತು ಹೇಳಲಿ ಎಂದ. ಅವನೆದುರೇ ಸಾಹೇಬರಿಗೆ ಫೋನ್ ಮಾಡಿದೆ. ಈ ಸಲ ಎತ್ತಿದರು. ಎಲ್ಲಿದ್ದೇನೆ, ಯಾರ ಪಕ್ಕ ಕೂತಿದ್ದೇನೆ ಎಂದು ಹೇಳಿದ್ದೇ ತಡ, ಫೋನ್ ಕಟ್ಟಾಯಿತು.

ಅವನು ನನ್ನನ್ನೇ ನೋಡುತ್ತಿದ್ದ. ಮುಖದಲ್ಲಿ ಅಪನಂಬಿಕೆ ಇಳಿದು ಒಂದು ಬಗೆಯ ಸಂಕಟ ಬಂದಿತ್ತು. ಅವನಿಗೆ ಅರ್ಥವಾಗಿತ್ತು.

"ನಾನು ನಂಬುತ್ತೇನೆ," ಎಂದ. "ಆದರೆ ನಾನು ನಂಬಿದರೆ ಸಾಲದು."

ಅವನ ಚೀಲದಿಂದ ಒಂದು ವಿಮಾ ಅರ್ಜಿ ತೆಗೆದುಕೊಂಡು ಅದರ ಖಾಲಿ ಬೆನ್ನಿನ ಮೇಲೆ ಬರೆದೆ. ಇಂಥ ಮಫ್ಲರಿನ, ಇಂಥ ಕಾಲಿನ ಮನುಷ್ಯ ನಾನೇ. ಆ ಅಂಗಡಿಯವನನ್ನು ನಾನಾಗಿಯೇ ಹುಡುಕಿಕೊಂಡು ಹೋದೆ, ಅವನು ನನ್ನನ್ನು ಕರೆಯಲಿಲ್ಲ. ಹಳದಿ ಸ್ವೆಟರ್ ನನ್ನ ನೆಪ. ಕೊನೆಗೆ ಸಹಿ, ನನ್ನ ನಂಬರು. ಕಳಿಸಿದವರ ಹೆಸರು ಬರೆಯಲಿಲ್ಲ. ನನ್ನ ಮೇಲಿನವರನ್ನು ದಾಟಿ ಇನ್ನೊಂದು ಸಂಸ್ಥೆಗೆ ಬರೆದುಕೊಡುವುದು ನಮ್ಮಲ್ಲಿ ದೊಡ್ಡ ಅಪರಾಧ. ಅದು ಅವನಿಗೂ ಗೊತ್ತಿತ್ತು. ನಿಮ್ಮ ನೌಕರಿ ಏನಾಗುತ್ತದೆ ಎಂದು ಕೇಳಿದ. ಹೇಗಿದ್ದರೂ ಕಾಲು ನೋವು, ಕೂತು ಮಾಡುವ ಕೆಲಸ ಕೊಟ್ಟರೆ ಒಳ್ಳೆಯದೇ ಆಯಿತು ಎಂದೆ. ಅವನು ನಗಲಿಲ್ಲ.

"ಈಗಲೇ ಕಳಿಸುತ್ತೇನೆ. ಆದರೆ ಅತಿಥಿಗಳು ನಾಳೆಯೇ ಬರುತ್ತಾರೆ. ಇದು ಮೇಲೆ ಹೋಗಿ ಓದಿಸಿಕೊಂಡು ಕೆಳಗೆ ಬರುವಷ್ಟರಲ್ಲಿ..." ಎಂದು ಅಲ್ಲಿಗೇ ಬಿಟ್ಟ.

ಮಾರನೆಯ ಬೆಳಗ್ಗೆ ಸಾಲಿನ ಮುಂದೆ ವ್ಯಾನುಗಳು ನಿಂತಿದ್ದವು. ಯಾರೂ ಕೂಗಾಡಲಿಲ್ಲ. ಅವರು ತಾವಾಗಿಯೇ ಟಾರ್ಪಾಲು ಇಳಿಸಿ, ಗಂಟು ಕಟ್ಟಿ, ಸಾಲಾಗಿ ಹತ್ತಿದರು. ಇದೇನು ಹೊಸದಲ್ಲ ಎನ್ನುವ ಹಾಗಿತ್ತು ಅವರ ಶಿಸ್ತು. ನೋಡಲು ಜನ ಸೇರಿತ್ತು. ನಿನ್ನೆಯವರೆಗೆ ಚೌಕಾಸಿ ಮಾಡಿ ಸ್ವೆಟರ್ ಕೊಂಡವರೇ, ಇವರೇನೋ ಬಾಂಬಿನವರಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ಎಲ್ಲರನ್ನೂ ಒಂದು ಕಲ್ಯಾಣ ಮಂಟಪಕ್ಕೆ ಒಯ್ದರು. ಮಗನನ್ನು ಮಾತ್ರ ಬೇರೆ ವ್ಯಾನಿನಲ್ಲಿ ಕೂರಿಸಿದರು. ಅವನು ಹತ್ತುವ ಮುನ್ನ ಜೇಬಿನಿಂದ ಕಾಗದ ತೆಗೆದು ಕೊಟ್ಟದ್ದನ್ನು ನಾನು ದೂರದಿಂದ ನೋಡಿದೆ.

ಅಜ್ಜಿಯನ್ನು ವಯಸ್ಸಾದವಳೆಂದು ಬಿಟ್ಟಿದ್ದರು. ಲಾಡ್ಜಿನ ಕೋಣೆಯಲ್ಲಿ ಸ್ವೆಟರ್ ಗಂಟುಗಳ ನಡುವೆ ಕೂತಿದ್ದಳು. ನನಗೆ ಅಲ್ಲಿಗೆ ಹೋಗಲು ಯಾವ ಮುಖವೂ ಇರಲಿಲ್ಲ, ಆದರೂ ಹೋದೆ. ನೆಲದ ಮೇಲೆ ಅವಳೆದುರು ಕೂತೆ.

"ಎಲ್ಲಾರನ್ನೂ ಒಂದ್ ಗಾಡ್ಯಾಗ ಒಯ್ದ್ರು, ನನ್ನ ಮಗನ್ನ ಒಂದ್ ಗಾಡ್ಯಾಗ," ಎಂದಳು.

"ಬಿಡ್ತಾರವ್ವ. ಹೇಳೀವಿ... ಯಾರೋ ಹೇಳ್ಯಾರ."

"ಅವನ ಕೂಡ ಮಾತಾಡಾಕ ಯಾರೋ ಒಬ್ಬ ಕಳ್ಳ ಬರ್ತಿದ್ದನಂತ. ಅವ ಎಲ್ಲಿ ಅದಾನ ಹೇಳು ಅಂತ ಪೊಲೀಸ್ರು ಬಡ್ಕೊಂಡ್ರು. ಮಫ್ಲರ್ ಹಾಕ್ಕೊಂಡಾವಂತ."

ಹೇಳಿ ನನ್ನ ಕೊರಳ ಕಡೆ ನೋಡಿದಳು. ಆಮೇಲೆ ಕಣ್ಣು ತೆಗೆದು ಜಪಮಣಿ ತಿರುಗಿಸತೊಡಗಿದಳು.

"ನನ್ನ ಮಗ ಹೇಳೂದಿಲ್ಲ," ಎಂದಳು. "ಮೊಮ್ಮಗಳು ಇದ್ದಾವ, ಪಾಪ, ಯಾಕ ಸಿಗಿಸೂದು ಅಂತ ಅಂದಿರ್ತಾನ ಅವ."

ಅಲ್ಲಿ ಕೂತಿರಲು ನನ್ನಿಂದ ಆಗಲಿಲ್ಲ. ಮೆಟ್ಟಿಲು ಇಳಿದು ಲಾಡ್ಜಿನ ಹಿಂದೆ ನೀರಿನ ಟ್ಯಾಂಕಿನ ಪಕ್ಕ ನಿಂತು ಅತ್ತೆ. ಅವನು ನನ್ನನ್ನು ಕಾಪಾಡಲು ಬಾಯಿ ಮುಚ್ಚಿಕೊಂಡಿದ್ದ. ಮಂತ್ರಾಲಯದ ಲಾಡ್ಜಿನ ಗುಮಾಸ್ತ ಎಂದು ಒಂದು ಮಾತು ಹೇಳಿದ್ದರೆ ಅವರು ಹುಡುಕುತ್ತ ಬಂದು ನನ್ನ ಬಾಗಿಲಿಗೇ ನಿಲ್ಲುತ್ತಿದ್ದರು, ಆವತ್ತೇ ಎಲ್ಲ ಬಗೆಹರಿಯುತ್ತಿತ್ತು. ಹೇಳದೆ ಇದ್ದದ್ದಕ್ಕೆ ಇನ್ನಷ್ಟು ಸಂಶಯಕ್ಕೆ ಸಿಕ್ಕಿದ್ದ.

ಅತಿಥಿಗಳು ಬಂದರು. ಬೈಪಾಸಿನ ಮೇಲೆ ಬಂದು, ಮಿಲ್ಲಿನಲ್ಲಿ ಗುಂಡಿ ಒತ್ತಿ, ಊಟ ಮಾಡಿ, ಬೈಪಾಸಿನ ಮೇಲೆಯೇ ಹೋದರು. ಊರೊಳಗೆ ಅವರ ಕಾರಿನ ಧೂಳು ಕೂಡ ಬೀಳಲಿಲ್ಲ. ಸಂಜೆ ಕಲ್ಯಾಣ ಮಂಟಪದವರನ್ನು ಬಿಟ್ಟರು. ಮಗನನ್ನು ಬಿಡಲಿಲ್ಲ. ನಾನು ಬರೆದುಕೊಟ್ಟದ್ದು ಸುತ್ತಿ ಬರುವವರೆಗೆ ಅವನು ಅಲ್ಲೇ ಇರಬೇಕಾಯಿತು. ಕಾಗದ ವಾಪಸು ಕೊಟ್ಟು ಬಿಟ್ಟ ದಿನ ನಾನು ಕರ್ನೂಲಿನಲ್ಲಿ ಮೆಮೋಗೆ ಉತ್ತರ ಬರೆಯುತ್ತ ಕೂತಿದ್ದೆ. ತಾಯಿ ಮಗ ಇಬ್ಬರೂ ಆವತ್ತೇ, ಚಳಿ ಇನ್ನೂ ಅರ್ಧ ಬಾಕಿ ಇರುವಾಗಲೇ, ಗಂಟು ಕಟ್ಟಿಕೊಂಡು ಊರು ಬಿಟ್ಟರು ಎಂದು ಆಮೇಲೆ ತಿಳಿಯಿತು.

ವಿಮಾ ಏಜೆಂಟನಾಗಿದ್ದವನಿಗೆ ಫೋನ್ ಮಾಡಿ, ಅಜ್ಜಿಯ ಮಗನ ಹೆಸರು ಕಡತದಿಂದ ಅಳಿಸಿದರೇ ಎಂದು ಕೇಳಿದೆ.

"ನಮ್ಮಲ್ಲಿ ಅಳಿಸುವ ಪದ್ಧತಿ ಇಲ್ಲ," ಎಂದ. "ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇವೆ. ನೀವು ಬರೆದದ್ದನ್ನು ಸೇರಿಸಿದ್ದೇನೆ. ಓದುವವರು ಕೆಳಗಿನವರೆಗೆ ಓದಿದರೆ ಗೊತ್ತಾಗುತ್ತದೆ."

ಕೆಳಗಿನವರೆಗೆ ಯಾರು ಓದುತ್ತಾರೆ? ನಾನೇ ಎಂದೂ ಓದಿದವನಲ್ಲ.

ನನಗೆ ಕೂತು ಮಾಡುವ ಕೆಲಸವೇ ಸಿಕ್ಕಿತು. ಮಾಧವರಂ ಸೇತುವೆಯ ಈಚೆ ಬದಿಯ ಚೆಕ್‌ಪೋಸ್ಟು. ಕರ್ನಾಟಕದಿಂದ ಬರುವ ಬಸ್ಸು, ಲಾರಿ ನಿಲ್ಲಿಸಿ ನೋಡುವುದು. ಮಂತ್ರಾಲಯದ ಯಾತ್ರಿಕರು, ಹುಲ್ಲಿನ ಲಾರಿ, ಕುರಿ ತುಂಬಿದ ಆಟೋ. ಊಟಕ್ಕೆ ಮನೆಗೆ ಹೋಗಿ ಬರಬಹುದಿತ್ತು. ಇದನ್ನು ಶಿಕ್ಷೆ ಎಂದು ಕೊಟ್ಟವರಿಗೆ ನನ್ನ ಊರು ಯಾವುದೆಂದು ನೋಡಿಕೊಳ್ಳುವಷ್ಟೂ ಪುರುಸೊತ್ತು ಇರಲಿಲ್ಲವೆಂದು ಕಾಣುತ್ತದೆ.

ಮರುವರ್ಷ ಚಳಿ ಶುರುವಾದಾಗ ರಾಯಚೂರು ಕಡೆಯಿಂದ ಬಂದ ಬಸ್ಸೊಂದರ ಮೇಲೆ ದೊಡ್ಡ ದೊಡ್ಡ ಗಂಟುಗಳಿದ್ದವು. ನನಗೆ ಕೂಡಲೇ ಗೊತ್ತಾಯಿತು. ಪರದೇಶಿ ಕಾಗದದವರು ಇದ್ದರೆ ಹೆಸರನ್ನು ಟ್ಯಾಬಿನಲ್ಲಿ ಹಾಕಿ ನೋಡಬೇಕು ಎಂಬುದು ನಿಯಮ. ಒಬ್ಬೊಬ್ಬರದೇ ಹಾಕುತ್ತ ಬಂದೆ. ಅವನ ಹೆಸರಿಗೆ ಕೆಂಪು ಗುರುತು ಬಂತು. ಅಂಥವರನ್ನು ಕೆಳಗಿಳಿಸಿ, ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ಕೇಳಿ, ಫೋಟೋ ತೆಗೆದು, ಹೋಗುವ ಊರಿನ ಠಾಣೆಗೆ ತಿಳಿಸಬೇಕು. ಜೊತೆಗಿದ್ದ ಕಾನ್‌ಸ್ಟೆಬಲ್ ಆಗಲೇ ಪರದೆಯನ್ನು ನೋಡಿದ್ದ. ಬಿಟ್ಟುಬಿಡುವ ದಾರಿ ಇರಲಿಲ್ಲ.

ಅವನು ಇಳಿದು ಬಂದ. ಸೊರಗಿದ್ದ. ನನ್ನ ಖಾಕಿಯನ್ನು ನೋಡಿದ, ಆಶ್ಚರ್ಯಪಡಲಿಲ್ಲ.

"ಇಲ್ಲಿ ಅದೀರೇನ್ರಿ," ಎಂದ.

"ಎಲ್ಲಿಗೆ?"

"ಎಮ್ಮಿಗನೂರಿಗ್ರಿ. ಸ್ವೆಟರ್ ವ್ಯಾಪಾರ. ಜೋಡಿ ಅವ್ವ ಅದಾಳ." ನಾನು ಹೇಳುವ ಮೊದಲೇ ಹೋಗಿ ಚೆಕ್‌ಪೋಸ್ಟಿನ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತ, ಫೋಟೋಗೆ. ಎಷ್ಟು ಕಡೆ ಹಾಗೆ ನಿಂತಿದ್ದನೋ.

ಅಜ್ಜಿ ಕಿಟಕಿಯ ಪಕ್ಕ ಕೂತಿದ್ದಳು. ಕೆಳಗೆ ಹೋಗಿ ನಿಂತೆ.

"ಮೊಮ್ಮಗಳು ಹೆಂಗದಾಳ ತಮ್ಮಾ?" ಎಂದಳು.

"ಮೊಮ್ಮಗಳು ಇಲ್ಲವ್ವ. ಆವಾಗೂ ಇರಲಿಲ್ಲ."

"ಗೊತ್ತೈತಿ. ಮೊದಲ್ನೇ ದಿವಸಾನ ಗೊತ್ತಿತ್ತು. ಸ್ವೆಟರ್ ಬೇಕಾದಾವ್ರು ಮೊದಲ ಕೂಸಿಗೆ ಎಷ್ಟ್ ವರ್ಷ ಅಂತ ಹೇಳ್ತಾರ, ಕೈ ಚಾಚಿ ಇಷ್ಟೆತ್ತರ ಅದಾಳ ಅಂತ ತೋರಸ್ತಾರ. ನೀ ಬಣ್ಣಾ ಕೇಳ್ದಿ, ಗುಂಡಿ ಕೇಳ್ದಿ. ಅಳತಿ ಒಂದಿನಾನೂ ಹೇಳಲಿಲ್ಲ."

"ಮತ್ಯಾಕ ಕುಂದರಿಸಿ ಚಾ ಕೊಟ್ಟಿ? ಮಗಗ ಯಾಕ ಹೇಳಲಿಲ್ಲ?"

"ಪ್ರತಿ ಊರಾಗೂ ನಿನ್ನಂಥಾವ ಒಬ್ಬ ಬರ್ತಾನ. ಮಾತಾಡ್ಸಿದ್ರ ಸುಳ್ಳ ಕಮ್ಮಿ ಬರೀತಾನ. ಮಗಗ ಹೇಳಿದ್ರ ಅವ ನಿನ್ ಕೂಡ ನಗ್ತಿರಲಿಲ್ಲ." ಗೋಡೆಗೆ ನಿಂತ ಮಗನ ಕಡೆ ನೋಡಿದಳು. "ಅವನ ಹೆಸರ ಅಳಿಸಿದಿ ಏನು?"

"ಅಳಸಾಕ ಬರೂದಿಲ್ಲವ್ವ."

"ಹೂಂ," ಎಂದು ತಲೆಯಾಡಿಸಿದಳು, ಯಾವುದೋ ಸರಕಿನ ಧಾರಣೆ ಕೇಳಿದವಳ ಹಾಗೆ. ಮಗ ಬಂದು ಹತ್ತಿದ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಮಂತ್ರಾಲಯದ ತಿರುವಿನಲ್ಲಿ ಮರೆಯಾಗುವವರೆಗೆ ಅಲ್ಲೇ ನಿಂತಿದ್ದೆ.

ಆಮೇಲೆ ಒಳಗೆ ಬಂದು ಎಮ್ಮಿಗನೂರಿನ ಠಾಣೆಗೆ ಫೋನ್ ಮಾಡಿದೆ. ಆ ಕಡೆ ಇದ್ದವನು ಸಿ. ಬೆಳಗಲ್ ಕಡೆಯ ನಮ್ಮ ಕನ್ನಡದ ಹುಡುಗ. ಹೆಸರು ಹೇಳಿದೆ, ಬಸ್ಸಿನ ನಂಬರು ಹೇಳಿದೆ, ಕೆಂಪು ಗುರುತು ಇದೆ ಎಂದೆ. ಕೆಳಗಿನವರೆಗೆ ಓದು ಎಂದೂ ಹೇಳಿದೆ. ಅವನು ಎಲ್ಲದಕ್ಕೂ ಹೂಂ ಎಂದು ಬರೆದುಕೊಂಡ.

"ಸರಿ ಸಾರ್. ನೋಡ್ಕೊಳಾಕ ಮಫ್ತಿಯಾಗ ಒಬ್ಬನ್ನ ಕಳಸ್ತೀವಿ. ಗಿರಾಕಿ ಹಂಗ ಹೋಗಿ ಕುಂದರ್ತಾನ."

ಫೋನ್ ಇಡಬೇಕಿತ್ತು. ಇಡಲಾಗಲಿಲ್ಲ.

"ಒಂದ್ ಕೆಲ್ಸ ಮಾಡು ತಮ್ಮಾ," ಎಂದೆ. "ಖರೇನ ಸ್ವೆಟರ್ ಬೇಕಾದಾವನ್ನ ಕಳಸು."